ತೂತು ತಪ್ಪಿಸಿದ ಮಸಿ

ಕತ್ತರಿಯ ಮೊನೆ ನನ್ನ ಕೊರಳಿಗೆ ಒತ್ತಿತ್ತು.

ದರ್ಜಿಗಳ ಕಬ್ಬಿಣದ ಕತ್ತರಿ. ಮೊಳದುದ್ದ!

ಹಿಡಿದ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಆ ಕೈಗೆ ಎಪ್ಪತ್ತೆರಡು ವರ್ಷ.

"ಅಲ್ಲಾಡ್ಬೇಡ. ಯಾರು ಕಳ್ಸಿದ್ದು ನಿನ್ನ?"

"ಪ್ರೇಮ್‌ಕುಮಾರ್..."

ಮೊನೆ ಇನ್ನೊಂದಿಷ್ಟು ಒತ್ತಿತು. ಬಿಸಿಯಾಗಿ ಏನೋ ಕಾಲರಿನೊಳಗೆ ಇಳಿಯಿತು.

ಇಲ್ಲಿಂದ ಬರೆದುಕೊಳ್ಳಿ ಸಾರ್. ಸ್ಟೇಟ್‌ಮೆಂಟ್ ಎಂದರೆ ಹೆಸರು, ಊರಿನಿಂದಲೇ ಶುರುವಾಗಬೇಕು ಎನ್ನುತ್ತೀರಾ? ಆಗಲಿ. ಹೆಸರು ದತ್ತು. ತಂದೆ ಭಗವಂತರಾಯ. ಹುಟ್ಟಿದ್ದು ಕಲಬುರಗಿ ಕಡೆ, ಈಗ ರಾಮಮೂರ್ತಿ ನಗರದಲ್ಲಿ ಬಾಡಿಗೆ ರೂಮು. ಕಸುಬು, ದಾಖಲೆ ಪರೀಕ್ಷೆ. ಸೈಟು ಕೊಳ್ಳುವವರು ಹಳೆಯ ಕ್ರಯಪತ್ರ ತಂದುಕೊಟ್ಟರೆ ಅಸಲಿಯೋ ನಕಲಿಯೋ ನೋಡಿ ಹೇಳುತ್ತೇನೆ. ಕೆ.ಆರ್. ಪುರಂ ಸುತ್ತಮುತ್ತ ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಸತ್ತ ಮೇಲೆ ಸಹಿ ಹಾಕಿದವರನ್ನು ನೋಡಿದ್ದೇನೆ. ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಹಳತು ಮಾಡಿದ ಛಾಪಾ ಕಾಗದ ನೋಡಿದ್ದೇನೆ. ಅಣ್ಣನ ಹೆಬ್ಬೆಟ್ಟನ್ನು ಅವನು ಐಸಿಯುನಲ್ಲಿದ್ದಾಗಲೇ ಒತ್ತಿಸಿಕೊಂಡ ತಮ್ಮನನ್ನೂ ನೋಡಿದ್ದೇನೆ. ಇದನ್ನೆಲ್ಲ ನೋಡಿ ನೋಡಿ ಮನುಷ್ಯರೆಂದರೇ ಹೇಸಿಗೆ ಬಂದಿದೆ. ನಡುನಡುವೆ ಕಾಣೆಯಾದವರನ್ನು ಹುಡುಕಿಕೊಡುವುದೂ ಉಂಟು.

ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ಪ್ರೇಮ್‌ಕುಮಾರ್ ಫೋನ್ ಮಾಡಿದ.

ಯಾವ ಪ್ರೇಮ್‌ಕುಮಾರ್ ಎಂದು ಕೇಳಬೇಡಿ. ಈ ಸ್ಟೇಷನ್ನಿನ ಆಯುಧಪೂಜೆಗೆ ಹೂವಿನ ಹಾರ ಕಳಿಸಿದವನು! ಅಪ್ಪ ರಾಮಾಂಜಿನಪ್ಪ ಹೊರಮಾವಿನಲ್ಲಿ ಸೇವಂತಿಗೆ ಬೆಳೆಯುತ್ತಿದ್ದರು. ಮಗ ಅದೇ ಹೊಲದಲ್ಲಿ ಅಪಾರ್ಟ್‌ಮೆಂಟ್ ಬೆಳೆದ. ಈಗ ಇಂದಿರಾನಗರದಲ್ಲಿ ಗ್ಯಾಲರಿ ಇಟ್ಟಿದ್ದಾನೆ. ಹಳೆಯ ಬಾಗಿಲು, ಹಳೆಯ ವಿಗ್ರಹ, ಫಾರಿನ್ ಗಿರಾಕಿಗಳು.

"ದತ್ತು, ಒಬ್ಳು ಮುದುಕಿ ಕಾಣೆಯಾಗಿದಾಳೆ ಗುರು. ಜಹನಾರಾ ಅಂತ, ರಿಟೈರ್ಡ್ ಪ್ರೊಫೆಸರ್. ಸ್ವಲ್ಪ ತಲೆ ಕೆಟ್ಟಿದೆ ಪಾಪ. ಹುಡ್ಕಿ ನಂಗೆ ಫೋನ್ ಮಾಡು."

"ಯಾಕೆ ಸಾರ್?"

"ಹಳೇ ಪೀಸ್ ಒಂದಿದೆ. ಅಸಲಿ ಅಂತ ಅವಳು ಬರ್ದುಕೊಡ್ಬೇಕು. ಸಂಜೆ ಐದಕ್ಕೆ ಅವಳ ಸಹಿ ಬೇಕು, ಅಷ್ಟೇ."

ಹಲಸೂರಿನಲ್ಲಿ ಅವಳ ಮನೆಗೆ ಬೀಗ. ಎದುರುಮನೆಯವರನ್ನು ವಿಚಾರಿಸಿದೆ. ಅವಳಿಗೆ ಇರುವುದು ಒಬ್ಬಳೇ ಚಿಕ್ಕಪ್ಪನ ಮಗಳು, ಮಹೀನ್. ಶಿವಾಜಿನಗರದಲ್ಲಿ ಬುರ್ಖಾ ಹೊಲಿಯುವ ಅಂಗಡಿ. ಓಣಿ ಓಣಿ ವಿಚಾರಿಸಿ, ಮಧ್ಯಾಹ್ನ ಎರಡೂವರೆಗೆ ಆ ಅಂಗಡಿಯ ಮೇಲಿನ ರೂಮಿನ ಬಾಗಿಲು ತಳ್ಳಿದೆ.

ಕತ್ತರಿ!

"ಜೇಬಲ್ಲಿ ಏನಿದೆ? ತೆಗಿ."

ತೆಗೆದೆ. ಭೂತಗನ್ನಡಿ. ಇಪ್ಪತ್ತು ಪಟ್ಟು ದೊಡ್ಡದು ಮಾಡಿ ತೋರಿಸುವಂಥದ್ದು. ಮುದುಕಿಯ ಕಣ್ಣು ಅದರ ಮೇಲೇ ನೆಟ್ಟಿತು.

"ಇದು ಯಾಕೆ ಇಟ್ಕೊಂಡಿದೀಯ?"

"ನಕಲಿ ಕಾಗದ ಹಿಡಿಯೋದು ನನ್ ಕೆಲ್ಸ ಮೇಡಂ."

ಕತ್ತರಿ ಕೆಳಗಿಳಿಯಿತು. ಮುದುಕಿ ನಗಲು ಶುರುಮಾಡಿದಳು. ಕೆಮ್ಮು ಬರುವವರೆಗೂ ನಕ್ಕಳು.

"ಅರೇ ಬೇಟಾ! ನಕಲಿ ಹಿಡಿಯೋನನ್ನೇ ಕಳ್ಸಿದಾನಾ ಆ ಗಧಾ! ಕೂತ್ಕೋ. ರಕ್ತ ಒರೆಸ್ಕೋ."

ಒಂದು ಬಟ್ಟೆಯ ತುಂಡು ಎಸೆದಳು. ಮೇಜಿನ ಮೇಲೆ ಒಂದು ಫೋಟೋ ಇಟ್ಟಳು. ಅಂಗೈ ಅಗಲದ ಕಂದು ಚೂರು, ಅದರ ಮೇಲೆ ಕಪ್ಪು ಅಕ್ಷರ.

"ಇದು ಪಪೈರಸ್. ಈಜಿಪ್ಟಲ್ಲಿ ಜೊಂಡಿಂದ ಮಾಡ್ತಿದ್ದ ಕಾಗದ. ಬರೆದಿರೋದು ಗ್ರೀಕ್. ಎರಡೂವರೆ ಸಾವಿರ ವರ್ಷದ ಹಿಂದೆ ಒಬ್ಳು ಹೆಂಗಸು ತಂತಿ ಮೀಟ್ಕೊಂಡು ಒಂದು ಹಾಡು ಹಾಡಿದ್ಳು. ಅವಳ ಹೆಸರೂ ಉಳಿದಿಲ್ಲ. ಆಮೇಲೆ ಯಾರೋ ಬರೆದಿಟ್ರು. ಅದು ಹರಿದು ತಿಪ್ಪೆಗೆ ಬಿತ್ತು, ಮರಳು ಮುಚ್ಕೊಂಡ್ತು. ಅರ್ಧ ಚೂರು ಯೂರೋಪಿನ ಒಂದು ಮ್ಯೂಸಿಯಮ್ಮಲ್ಲಿದೆ. ಅದನ್ನ ಮೊದಲು ಓದಿ ಪ್ರಿಂಟ್ ಮಾಡಿದ್ದು ನಾನು."

"ನೀವು? ಶಿವಾಜಿನಗರದವ್ರು ಗ್ರೀಕ್ ಹೆಂಗೆ ಕಲಿತ್ರಿ?"

"ನಮ್ಮ ಅಬ್ಬಾ ಇಲ್ಲೇ ಒಂದು ಮಿಷನ್ ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡಿಸ್ತಿದ್ರು. ಬೈಬಲ್‌ಗೆ ಅಂತ ಗ್ರೀಕ್ ಮೊಳೆ ಇಟ್ಟಿದ್ರು. ನಾನು ಅದರಲ್ಲೇ ಆಟ ಆಡ್ತಿದ್ದೆ. ಬಿಡು, ಅದೆಲ್ಲ ಈಗ ನಕ್ಕೋ. ಈ ಫೋಟೋದಲ್ಲಿರೋದು ಇನ್ನರ್ಧ ಅಂತೆ. ಪ್ರೇಮ್‌ಕುಮಾರ್‌ಗೆ ಸಿಕ್ತಂತೆ! ನೀನು ಓದ್ಬೇಕಾಗಿಲ್ಲ. ಮಸಿ ನೋಡು."

ಕನ್ನಡಿ ಹಿಡಿದು ಬಗ್ಗಿದೆ.

ಚೂರಿನ ನಡುವೆ ಒಂದು ತೂತು. ಹುಳ ತಿಂದದ್ದು. ಅಕ್ಷರಗಳು ದೊಡ್ಡದಾಗಿ, ಆರಾಮಾಗಿ ಬರುತ್ತಿದ್ದವು. ತೂತಿನ ಹತ್ತಿರ ಬಂದದ್ದೇ ಸಣ್ಣದಾದವು. ಒಂದರ ಪಕ್ಕ ಒಂದು ಒತ್ತಿಕೊಂಡು, ಸ್ವಲ್ಪ ಮೇಲೆ ಹತ್ತಿ, ತೂತನ್ನು ದಾಟಿ ಮತ್ತೆ ಕೆಳಗಿಳಿದವು. ಒಂದು ಅಕ್ಷರವನ್ನೂ ಹುಳ ಕಚ್ಚಿರಲಿಲ್ಲ.

ಇದನ್ನು ನಾನು ನೋಡಿದ್ದೆ! ಹೊರಮಾವಿನ ಒಂದು ಕ್ರಯಪತ್ರದಲ್ಲಿ, ಆರು ವರ್ಷದ ಹಿಂದೆ. ಹಳೆಯ ಖಾಲಿ ಹಾಳೆಯ ಮೇಲೆ ಹೊಸದಾಗಿ ಬರೆದವನು ಗೆದ್ದಲು ತಿಂದ ಜಾಗ ತಪ್ಪಿಸಿ ತಪ್ಪಿಸಿ ಬರೆದಿದ್ದ.

"ತೂತು ಮೊದ್ಲು ಮೇಡಂ. ಬರಹ ಆಮೇಲೆ."

"ಶಾಬಾಶ್! ಜೊಂಡು ಹಳೇದೇ. ಖಾಲಿ ಚೂರು ಎಲ್ಲೆಲ್ಲೋ ಸಿಗುತ್ತೆ. ಬರಹ ಈ ವರ್ಷದ್ದು."

"ಬರೆದೋರು ಯಾರು?"

ಮುದುಕಿಯ ಮುಖ ಕಪ್ಪಿಟ್ಟಿತು.

"ತೇಜಶ್ರೀ. ನನ್ನ ಸ್ಟೂಡೆಂಟು. ಅವಳ ಕೈಬರಹ ತಿದ್ದಿದ್ದೇ ನಾನು. ಈಗ ಅವನ ಗ್ಯಾಲರೀಲಿ ಕೆಲಸ ಮಾಡ್ತಾಳೆ."

ಆಮೇಲೆ ಅವಳು ಹೇಳಿದ್ದನ್ನು ಪೂರ್ತಿ ಬರೆದುಕೊಳ್ಳಿ ಸಾರ್. ಕೇಸಿನ ತಿರುಳು ಇದೇ.

ಮ್ಯೂಸಿಯಮ್ಮಿನ ಚೂರಿನಲ್ಲಿ ಇರುವುದು ಇಷ್ಟು: ಉಪ್ಪಿನ ದೋಣಿ ದಡ ಸೇರಿತು... ನಿನ್ನ ಚಪ್ಪಲಿ ಇನ್ನೂ ಹೊಸ್ತಿಲ ಬಳಿ... ಅಲ್ಲಿಗೆ ಹರಿದಿದೆ. ಮುಂದೇನು ಎಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ.

"ಎಂಬತ್ಮೂರನೇ ಇಸವೀಲಿ ನನ್ನ ತಂಗಿ ತೀರ್ಕೊಂಡ್ಳು," ಅಂದಳು ಮುದುಕಿ. "ಅವಳ ಚಪ್ಪಲಿ ಬಾಗಿಲಲ್ಲೇ ಇತ್ತು. ನಾನು ತೆಗೀಲಿಲ್ಲ, ಅಮ್ಮೀನೂ ತೆಗೀಲಿಲ್ಲ. ಒಂದು ರಾತ್ರಿ ಆ ಹಾಡು ಬರ್ಕೊಂಡಿದ್ದ ಕಾರ್ಡ್ ತಗೊಂಡು, ಹರಿದ ಸಾಲಿನ ಮುಂದಿನ ಖಾಲಿ ಜಾಗದಲ್ಲಿ ಗ್ರೀಕಲ್ಲಿ ಬರೆದ್ಬಿಟ್ಟೆ. 'ನಾನದನ್ನು ಎತ್ತಿಡುವುದಿಲ್ಲ' ಅಂತ. ಅಷ್ಟೇ. ಎರಡೂ ಕಡೆ ಚೌಕ ಬ್ರಾಕೆಟ್ ಹಾಕ್ದೆ."

"ಬ್ರಾಕೆಟ್ ಯಾಕೆ?"

"ಗ್ರಂಥಸಂಪಾದನೆ ಅನ್ನೋದು ನಿಂತಿರೋದೇ ಅದರ ಮೇಲೆ ಬೇಟಾ! ಬ್ರಾಕೆಟ್ ಒಳಗಿರೋದು ಕವೀದಲ್ಲ. ಹಳೇ ಕಾಗದದಲ್ಲಿ ಇಲ್ಲ. ಸಂಪಾದಕ ತನ್ನ ಕಡೆಯಿಂದ ಸೇರಿಸಿದ್ದು. ಈ ಕಸುಬಿನೋರು ಯಾವ ದೇಶದಲ್ಲಿದ್ರೂ ನೋಡಿದ ತಕ್ಷಣ ಗೊತ್ತಾಗುತ್ತೆ. ಅದು ನನ್ನ ಅಳು. ಅವಳದ್ದಲ್ಲ. ಮಾರನೇ ದಿನ ನೋಡ್ತೀನಿ, ಛಂದಸ್ಸೂ ತಪ್ಪು! ಒಂದು ಮಾತ್ರೆ ಜಾಸ್ತಿ. ಅಳ್ತಾ ಅಳ್ತಾ ಎಣಿಸೋದು ಮರೆತಿದ್ದೆ. ನಾಚಿಕೆ ಆಗಿ ಡಬ್ಬದಲ್ಲಿಟ್ಟೆ. ಎಲ್ಲೂ ಪ್ರಿಂಟ್ ಮಾಡ್ಲಿಲ್ಲ. ತೇಜಶ್ರೀಗೆ ಮಾತ್ರ ತೋರಿಸ್ದೆ."

ಬೆರಳನ್ನು ಫೋಟೋದ ಮೇಲೆ ಕುಟ್ಟಿದಳು.

"ಈಗ ಈ ಹೊಸ ಚೂರಲ್ಲಿ ಏನಿದೆ ಗೊತ್ತಾ? ಅದೇ ಸಾಲು! ಒಂದು ಮಾತ್ರೆ ಜಾಸ್ತಿ ಇರೋ ನನ್ನ ತಪ್ಪೂ ಹಂಗೇ ಇದೆ! ಬ್ರಾಕೆಟ್ ಮಾತ್ರ ಇಲ್ಲ."

ನಾನು ನೋಡಿದ ಕಳ್ಳರು ಸೈಟು ಕದ್ದಿದ್ದರು, ತೋಟ ಕದ್ದಿದ್ದರು. ಒಬ್ಬಳ ಸಾವಿನ ಮನೆಯ ಅಳುವನ್ನು ಕದ್ದು ಗಾಜಿನ ಪೆಟ್ಟಿಗೆಯಲ್ಲಿಟ್ಟವರನ್ನು ಇದೇ ಮೊದಲು ನೋಡಿದ್ದು. ಥೂ!

"ಸಹಿ ಹಾಕಿದ್ರೆ ನಿಮ್ಗೆ ದೊಡ್ಡ ಹೆಸರು ಬರುತ್ತಲ್ವಾ ಮೇಡಂ? ನಲವತ್ತು ವರ್ಷದ ಹಿಂದೆನೇ ಊಹೆ ಮಾಡಿದ್ರು ಅಂತ..."

"ಹೌ. ತೇಜಶ್ರೀನೂ ಹಂಗೇ ಅಂದ್ಳು. ಎರಡು ದಿನ ನಿದ್ದೆ ಮಾಡ್ಲಿಲ್ಲ ನಾನು. ಆಸೆ ಆಗಿತ್ತು ಕಣೋ! ಸುಳ್ಳು ಯಾಕೆ ಹೇಳ್ಲಿ? ಅದಕ್ಕೇ ಇಲ್ಲಿ ಬಂದು ಬಚ್ಚಿಟ್ಕೊಂಡೆ. ಅವನಿಗೆ ಹೆದರಿ ಅಲ್ಲ."

ಆಗ ಫೋನ್ ಕುಯ್‌ಗುಟ್ಟಿತು. ಪ್ರೇಮ್‌ಕುಮಾರ್.

"ಸಿಕ್ಕಿದ್ಳಾ ಗುರು?"

"ಇನ್ನೂ ಇಲ್ಲ ಸಾರ್."

"ಹೌದಾ?" ನಕ್ಕ. "ಹಂಗಾದ್ರೆ ಆ ಬುರ್ಖಾ ಅಂಗಡಿ ಮೇಲೆ ಏನ್ ಮಾಡ್ತಿದೀಯ?"

ಕಿಟಕಿಯಿಂದ ಬಗ್ಗಿ ನೋಡಿದೆ. ಕೆಳಗೆ ಕಪ್ಪು ಬುಲೆಟ್ ನಿಂತಿತ್ತು. ಅದರಿಂದ ಇಳಿಯುತ್ತಿದ್ದವನು ಕೆಂಪರಾಜ್. ಪ್ರೇಮ್‌ಕುಮಾರನ ಸೈಟುಗಳನ್ನು ಖಾಲಿ ಮಾಡಿಸುವವನು. ಬೆಳಿಗ್ಗೆಯಿಂದ ನನ್ನ ಬೆನ್ನ ಹಿಂದೆಯೇ ಇದ್ದನೆಂದು ಆಗ ಹೊಳೆಯಿತು. ಮುದುಕಿಯ ಅಡಗುದಾಣವನ್ನು ನಾನೇ ತೋರಿಸಿಕೊಟ್ಟಿದ್ದೆ! ನನ್ನ ಮೇಲೇ ಹೇಸಿಗೆಯಾಯಿತು.

"ಹಿಂದೆ ಮೆಟ್ಟಿಲು ಇದೆಯಾ?"

"ಇದೆ. ಚಲ್!"

ಕೆಳಗೆ ಮಹೀನ್ ಅವನನ್ನು ಒಳಗೆ ಬಿಡದೆ ಕಿರುಚುವುದು ಕೇಳಿಸಿತು. "ಅರೇ, ಲೇಡೀಸ್ ಟ್ರಯಲ್ ರೂಮ್ ಹೇ! ಅಂದರ್ ನಕ್ಕೋ ಜಾವ್!" ಆಮೇಲೆ ಏನೋ ಉರುಳಿದ ಸದ್ದು. ಹೊಲಿಗೆ ಮೆಶಿನ್ನನ್ನೇ ದಾರಿಗೆ ಅಡ್ಡ ಕೆಡವಿದ್ದಳು ಪುಣ್ಯಾತ್ಮಗಿತ್ತಿ.

ಹಿಂದಿನ ಓಣಿ. ಗುಜರಿ ಅಂಗಡಿಗಳು. ರಸ್ತೆ ತುಂಬಾ ಕಾರಿನ ಬಾಗಿಲು, ಬಂಪರ್, ಸೈಲೆನ್ಸರ್. ಮುದುಕಿ ಸೀರೆ ಎತ್ತಿ ಹಿಡಿದು ನನಗಿಂತ ಮುಂದೆ ಓಡಿದಳು! ಹಿಂದಿನಿಂದ ಕೆಂಪರಾಜನ ಬೂಟಿನ ಸದ್ದು.

"ಲೇ ದತ್ತು! ನಿಂತ್ಕೊಳೋ ಮಗನೇ!"

ರಾಶಿ ಹಾಕಿದ್ದ ಟೈರುಗಳ ಕೆಳಗಿನದಕ್ಕೆ ಒದ್ದೆ. ರಾಶಿ ಅವನ ಮೇಲೆ ಕುಸಿಯಿತು. ಅಂಗಡಿಯವನು ಉರ್ದುವಿನಲ್ಲಿ ನನ್ನ ಏಳು ತಲೆಮಾರನ್ನು ಬೈದ. ಓಣಿಯ ತುದಿಯಲ್ಲಿ ನಿಲ್ಲಿಸಿದ್ದ ನನ್ನ ಸ್ಕೂಟರಿಗೆ ಕೈ ತೋರಿಸುವಷ್ಟರಲ್ಲಿ ಮುದುಕಿ ಅದರ ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

"ಎಲ್ಲಿಗೆ ಮೇಡಂ?"

"ಮನೆಗೆ. ಹಲಸೂರಿಗೆ. ನನ್ನ ಕಾರ್ಡು!"

ಕಾರ್ಡು ಎಂದರೆ ಏನೆಂದು ಸ್ಕೂಟರಿನ ಮೇಲೆ ಕಿವಿಯಲ್ಲಿ ಕೂಗಿ ಹೇಳಿದಳು. ಹನ್ನೆರಡು ಶೂ ಡಬ್ಬ. ನಲವತ್ತೈದು ವರ್ಷದ ದುಡಿಮೆ. ಹಳೆಯ ಆ ಹಾಡುಗಳ ಒಂದೊಂದು ಚೂರಿಗೂ ಒಂದೊಂದು ಕಾರ್ಡು. ಯಾವ ಅಕ್ಷರ ಖಚಿತ, ಯಾವುದು ಅನುಮಾನ, ಯಾರು ಹೇಗೆ ಓದಿದರು, ಎಲ್ಲಿ ಎಡವಿದರು ಎಲ್ಲವೂ ಅದರಲ್ಲಿ. ಕಂಪ್ಯೂಟರಿಗೆ ಏರಿಸಿಲ್ಲ. ಇನ್ನೊಂದು ಪ್ರತಿ ಇಲ್ಲ.

ಹಲಸೂರಿನ ಮನೆಯ ಬೀಗ ಒಡೆದಿತ್ತು. ಕಪಾಟು ಖಾಲಿ. ಮುದುಕಿ ಖಾಲಿ ಹಲಗೆಯ ಮೇಲೆ ಕೈಯಾಡಿಸುತ್ತಾ ನಿಂತಳು.

ನನ್ನ ಫೋನಿಗೆ ವಿಡಿಯೋ ಕಾಲ್ ಬಂತು. ಸ್ಕ್ರೀನಿನಲ್ಲಿ ಪ್ರೇಮ್‌ಕುಮಾರ್. ಹಿಂದೆ ಯಾವುದೋ ಕಟ್ಟಡದ ಬೇಸ್‌ಮೆಂಟು. ಒಂದು ಕಬ್ಬಿಣದ ಡ್ರಮ್ಮು. ಪಕ್ಕದಲ್ಲಿ ಸಾಲಾಗಿ ಶೂ ಡಬ್ಬಗಳು.

"ನಮಸ್ಕಾರ ಮೇಡಂ. ಓಡಿದ್ ಸಾಕು. ಸಹಿ ಹಾಕಿ, ನಿಮ್ ಡಬ್ಬ ನೀವು ತಗೊಂಡೋಗಿ. ಇಲ್ಲಾಂದ್ರೆ..."

ಒಂದು ಡಬ್ಬ ಎತ್ತಿ ಡ್ರಮ್ಮಿಗೆ ಸುರಿದ. ಲೈಟರ್ ಹಚ್ಚಿದ. ಭಗ್ಗೆಂದಿತು!

"ಸಾರ್!" ಹಿಂದಿನಿಂದ ಒಂದು ಹೆಣ್ಣುದನಿ. "ಕಾರ್ಡ್ ಮುಟ್ಟಲ್ಲ ಅಂತ ಪ್ರಾಮಿಸ್ ಮಾಡಿದ್ರಿ! ಸಾರ್, ಪ್ಲೀಸ್!"

"ನೀ ಸುಮ್ನಿರಮ್ಮ ತೇಜಶ್ರೀ," ಅಂದ ಅವನು. ಆಮೇಲೆ ನಮ್ಮ ಕಡೆ ತಿರುಗಿದ. "ಹೊರಮಾವು ಸೈಟಿಗೆ ಬನ್ನಿ. ಐದು ಗಂಟೆ. ಫಾರಿನ್ ಪಾರ್ಟಿ ಆನ್‌ಲೈನ್ ಬರ್ತಾರೆ."

ಕಾಲ್ ಕಟ್ಟಾಯಿತು.

"ಸ್ಟೇಷನ್‌ಗೆ ಹೋಗೋಣ ಮೇಡಂ," ಅಂದೆ. ಹೌದು ಸಾರ್, ಅಂದೆ. ಆಮೇಲೆ ನಿಮ್ಮ ಆಯುಧಪೂಜೆಯ ಹಾರ ನೆನಪಾಯಿತು. ಪೆನ್ನು ನಿಲ್ಲಿಸಬೇಡಿ.

ಮುದುಕಿ ನಲ್ಲಿ ತಿರುಗಿಸಿ ಮುಖ ತೊಳೆದಳು. ಕನ್ನಡಕ ಒರೆಸಿದಳು. ಒಂದು ಮಸಿಪೆನ್ನು ಚೀಲಕ್ಕೆ ಹಾಕಿಕೊಂಡಳು.

"ಹೊರಮಾವಿಗೆ ಹೋಗೋಣ. ಬರೆದುಕೊಡ್ತೀನಿ."

"ಏನು?"

"ಸಹಿ ಹಾಕ್ತೀನಿ ಅಂದೆ. ಗಾಡಿ ತೆಗಿ."

ಉಗಿಯಬೇಕು ಅನ್ನಿಸಿತು. ಬೆಳಿಗ್ಗೆಯಿಂದ ಕಂಡ ಒಂದೇ ಒಂದು ನೆಟ್ಟಗಿನ ಜೀವ, ಅದೂ ಬಗ್ಗಿತು! ಹಳೇ ಮದರಾಸು ರಸ್ತೆ, ಬೈಯಪ್ಪನಹಳ್ಳಿ, ರಾಮಮೂರ್ತಿ ನಗರ. ಮುಕ್ಕಾಲು ಗಂಟೆ ಟ್ರಾಫಿಕ್ಕಿನಲ್ಲಿ ನಾನು ಒಂದು ಮಾತೂ ಆಡಲಿಲ್ಲ. ನನ್ನ ರೂಮಿನ ಕ್ರಾಸ್ ಬಂದಾಗ ಇಲ್ಲೇ ಇಳಿಸಿಬಿಡಲೇ ಎಂದೂ ಯೋಚಿಸಿದೆ.

"ಕೋಪ ಬಂದಿದೆಯಾ?" ಹಿಂದಿನಿಂದ ಕೇಳಿದಳು.

"ನಂಗ್ಯಾಕೆ ಮೇಡಂ? ಸಹಿ ನಿಮ್ದು."

"ನಾನು ಇಲ್ಲ ಅಂದ್ರೆ ಅವನು ನಿಲ್ಸ್ತಾನಾ? ಬೇರೆ ಯಾರನ್ನೋ ಹಿಡಿದು ಬರೆಸ್ತಾನೆ. ಆ ಹಾಡಿದವಳ ಬಾಯಲ್ಲಿ ನನ್ನ ಸಾಲು ಹಂಗೇ ಉಳ್ಕೊಂಡ್ಬಿಡುತ್ತೆ. ನಾನು ಸತ್ತ ಮೇಲೆ ಯಾರು ತೆಗೀತಾರೆ?"

ನನಗೆ ಅರ್ಥವಾಗಲಿಲ್ಲ. ಕೇಳುವ ಮನಸ್ಸೂ ಇರಲಿಲ್ಲ.

ಹೊರಮಾವು. ಅರ್ಧ ಕಟ್ಟಿದ ಅಪಾರ್ಟ್‌ಮೆಂಟು. ಬೇಸ್‌ಮೆಂಟಿನಲ್ಲಿ ಸುಟ್ಟ ಕಾಗದದ ವಾಸನೆ. ಪ್ಲಾಸ್ಟಿಕ್ ಕುರ್ಚಿ, ಮೇಜು, ಲ್ಯಾಪ್‌ಟಾಪು. ಮೇಜಿನ ಮೇಲೆ ಗಾಜಿನ ಹಲಗೆಗಳ ನಡುವೆ ಆ ಕಂದು ಚೂರು. ಕೆಂಪರಾಜ್ ನಮಗಿಂತ ಮೊದಲೇ ಬಂದಿದ್ದ. ಹಣೆಯ ಮೇಲೆ ಟೈರಿನ ಗುರುತು. ನನ್ನನ್ನು ನೋಡಿ ಹಲ್ಲು ಕಡಿದ.

ಡ್ರಮ್ಮಿನ ಪಕ್ಕ ತೇಜಶ್ರೀ ನಿಂತಿದ್ದಳು. ಮೂವತ್ತು ದಾಟಿದ ಹೆಂಗಸು. ಅತ್ತು ಕಣ್ಣು ಊದಿತ್ತು.

"ಮೇಡಂ, ಆ ಸಾಲು ಚೆನ್ನಾಗಿತ್ತು," ಅಂದಳು. "ಡಬ್ಬದಲ್ಲಿ ಕೊಳೀತಾ ಬಿದ್ದಿತ್ತು. ಪ್ರಪಂಚ ಓದ್ಲಿ ಅಂತ..."

"ನನ್ನ ಹೆಸರು ಹಾಕಿ ಓದಿಸ್ಬೇಕಿತ್ತು ಬೇಟೀ. ಆ ಹಾಡಿದವಳ ಬಾಯಿಗೆ ತುರುಕಿ ಅಲ್ಲ."

ತೇಜಶ್ರೀ ತಲೆ ತಗ್ಗಿಸಿದಳು.

ಲ್ಯಾಪ್‌ಟಾಪಿನಲ್ಲಿ ಒಬ್ಬ ವಿದೇಶಿ ಮುದುಕ ಕಾಣಿಸಿಕೊಂಡ. ಕೊಳ್ಳುವವರ ಕಡೆಯ ತಜ್ಞ. ಪ್ರೇಮ್‌ಕುಮಾರ್ ಮುಖದ ತುಂಬ ನಗು ತಂದುಕೊಂಡ. "ಪ್ರೊಫೆಸರ್ ಜಹನಾರಾ ಈಸ್ ಹಿಯರ್ ಸಾರ್! ಶಿ ವಿಲ್ ರೈಟ್ ಅಂಡ್ ಸೈನ್ ನೌ!"

ಮುದುಕಿ ಕೂತಳು. ಪೆನ್ನು ತೆಗೆದಳು. ಚೂರಿನ ಮೇಲಿದ್ದ ಗ್ರೀಕನ್ನು ಬಿಳಿ ಹಾಳೆಯ ಮೇಲೆ ಇಳಿಸತೊಡಗಿದಳು. ಮೊದಲು ಒಂದು ಚೌಕ ಬ್ರಾಕೆಟ್. ಆಮೇಲೆ ಒಂದು ಪದ. ಮತ್ತೆ ಬ್ರಾಕೆಟ್. ಇನ್ನೊಂದು ಪದ. ಎರಡೂ ಕಡೆ ಬ್ರಾಕೆಟ್. ಒಂದು ಅಕ್ಷರವನ್ನೂ ಹೊರಗೆ ಬಿಡಲಿಲ್ಲ!

ಸ್ಕೂಟರಿನ ಮೇಲೆ ಹೇಳಿದ್ದು ಆಗ ಅರ್ಥವಾಯಿತು. ಇಷ್ಟು ಹೊತ್ತು ಮುದುಕಿ ಮುದುಕಿ ಎಂದೆನಲ್ಲ ಸಾರ್, ಇನ್ನು ಮುಂದೆ ಮೇಡಂ ಎಂದೇ ಬರೆದುಕೊಳ್ಳಿ.

ಕೊನೆಯಲ್ಲಿ ಸಹಿ, ತಾರೀಕು.

ಪ್ರೇಮ್‌ಕುಮಾರ್ ಹಾಳೆ ಕಿತ್ತುಕೊಂಡ. ಹುಬ್ಬು ಗಂಟಿಕ್ಕಿದ.

"ಏನಿದು, ಎಲ್ಲಾದಕ್ಕೂ ಡಬ್ಬ ಡಬ್ಬ ಹಾಕಿದಾರೆ? ತೇಜಶ್ರೀ, ನೋಡಮ್ಮ ಇಲ್ಲಿ."

ಮುಗಿಯಿತು ಅಂದುಕೊಂಡೆ. ಅವಳಿಗೆ ಗೊತ್ತಿಲ್ಲದ ವಿದ್ಯೆಯಲ್ಲ ಇದು!

ತೇಜಶ್ರೀ ಹಾಳೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಡ್ರಮ್ಮಿನ ತಳದಲ್ಲಿದ್ದ ಬೂದಿಯ ಕಡೆ ನೋಡಿದಳು.

"ಹೀಗೇ ಬರೆಯೋದು ಸಾರ್," ಅಂದಳು. "ನಮ್ಮಲ್ಲಿ ಪದ್ಧತಿ."

"ಗ್ಯಾರಂಟಿನಾ?"

"ಗ್ಯಾರಂಟಿ ಸಾರ್. ಅವ್ರಿಗೆ ನೋಡಿದ್ ತಕ್ಷಣ ಅರ್ಥ ಆಗುತ್ತೆ."

ಸುಳ್ಳು ಒಂದಕ್ಷರ ಹೇಳಲಿಲ್ಲ ನೋಡಿ!

ಪ್ರೇಮ್‌ಕುಮಾರ್ ಫೋನಿನಲ್ಲಿ ಹಾಳೆಯ ಫೋಟೋ ತೆಗೆದ. ಕಳಿಸಿದ. ಸೆಂಡ್ ಒತ್ತಿದವನೇ ಲ್ಯಾಪ್‌ಟಾಪಿನ ಮೈಕ್, ಕ್ಯಾಮೆರಾ ಎರಡೂ ಆಫ್ ಮಾಡಿ ಕೆಂಪರಾಜನಿಗೆ ಸನ್ನೆ ಮಾಡಿದ.

"ಎಲ್ಲಾ ಸುಟ್ಟಾಕು."

"ಸಹಿ ಹಾಕಿದ್ರಲ್ಲ!" ನಾನು ಕೂಗಿದೆ.

"ಲೇ, ಆ ಸಾಲು ಇರೋ ಕಾರ್ಡ್ ಇದರಲ್ಲೇ ಎಲ್ಲೋ ಇದೆ ಕಣೋ. ನಾಳೆ ಇನ್ಯಾರಾದ್ರೂ ನೋಡಿದ್ರೆ? ಸಾಕ್ಷಿ ಇಟ್ಕೊಂಡು ಯಾವನಾದ್ರೂ ಬಿಸ್ನೆಸ್ ಮಾಡ್ತಾನಾ?"

ಕೆಂಪರಾಜ್ ಪೆಟ್ರೋಲ್ ಸುರಿದ. ಉಳಿದ ಹನ್ನೊಂದು ಡಬ್ಬಗಳನ್ನೂ ಒಂದೊಂದಾಗಿ ಡ್ರಮ್ಮಿಗೆ ಎಸೆದ. ಲೈಟರ್ ಹಚ್ಚಿದ. ಜ್ವಾಲೆ ಚಾವಣಿ ಮುಟ್ಟಿತು!

ನಾನು ನುಗ್ಗಿದೆ. ಫೈರ್ ಬಕೆಟ್ಟಿನ ಮರಳನ್ನು ಕೆಂಪರಾಜನ ಕಣ್ಣಿಗೆ ಎರಚಿದೆ. ಬಕೆಟ್ಟನ್ನೇ ಅವನ ದವಡೆಗೆ ಬೀಸಿದೆ. ಅವನು ಕುರುಡಾಗಿಯೇ ಗುದ್ದಿದ. ನನ್ನ ಪಕ್ಕೆಯಲ್ಲಿ ಏನೋ ಲಟಕ್ಕೆಂದಿತು. ಬಿದ್ದೆ. ಬಿದ್ದಲ್ಲಿಂದಲೇ ಡ್ರಮ್ಮಿಗೆ ಒದ್ದೆ. ಅದು ಉರುಳಿ ಉರಿಯುವ ಕಾರ್ಡುಗಳು ನೆಲದ ತುಂಬ ಹರಡಿದವು. ತೇಜಶ್ರೀ ಬರಿಗೈಯಿಂದ ಬಾಚುತ್ತಿದ್ದಳು. ಅವಳ ಅಂಗೈಯ ಚರ್ಮ ಸುಲಿದು ಬರುತ್ತಿತ್ತು. ಆದರೂ ಬಾಚುತ್ತಿದ್ದಳು.

ಮೇಡಂ ಮಾತ್ರ ಕುರ್ಚಿಯಿಂದ ಏಳಲಿಲ್ಲ. ಕೈಕಟ್ಟಿ ಕೂತು ನೋಡುತ್ತಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಲ್ಯಾಪ್‌ಟಾಪಿನಿಂದ ದನಿ ಬಂತು. ವಿದೇಶಿ ಮುದುಕ ಹಾಳೆಯ ಫೋಟೋ ನೋಡಿದ್ದ. 'ಎವ್ರಿ ವರ್ಡ್, ಪ್ರೊಫೆಸರ್?' ಎಂದು ಕೇಳಿದ.

ಮೇಡಂ ಮುಂದೆ ಬಗ್ಗಿ ಮೈಕ್, ಕ್ಯಾಮೆರಾ ಆನ್ ಮಾಡಿದರು.

"ಎವ್ರಿ ವರ್ಡ್."

ಆ ಮುದುಕ ಕನ್ನಡಕ ತೆಗೆದ. ಎದ್ದು ನಿಂತ. ಎದ್ದೇ ನಿಂತು ಮೇಡಂಗೆ ತಲೆ ಬಾಗಿಸಿದ. ಆಮೇಲೆ ಸ್ಕ್ರೀನು ಕಪ್ಪಾಯಿತು.

"ಏನಾಯ್ತು? ಯಾಕ್ ಕಟ್ ಮಾಡಿದ?" ಪ್ರೇಮ್‌ಕುಮಾರ್ ಕೀಬೋರ್ಡು ಕುಟ್ಟಿದ. "ತೇಜಶ್ರೀ! ಏನಂದ್ಳು ಇವಳು?"

ತೇಜಶ್ರೀ ಸುಟ್ಟ ಕೈಗಳನ್ನು ಎದೆಗೆ ಅವುಚಿಕೊಂಡು ನಕ್ಕಳು. ನೋವಿಗೆ ನಕ್ಕಳೋ, ಏನೋ.

"ಇದರಲ್ಲಿ ಹಳೇದು ಒಂದಕ್ಷರಾನೂ ಇಲ್ಲ ಅಂತ ಬರ್ದುಕೊಟ್ಟಿದಾರೆ ಸಾರ್. ಸಹಿ ಸಮೇತ. ನೀವೇ ಕಳ್ಸಿದೀರ."

ಅವನ ಮುಖ ನೋಡಬೇಕಿತ್ತು ಸಾರ್! ನನ್ನ ಮುರಿದ ಪಕ್ಕೆಗೆ ಸಿಕ್ಕ ಮುಲಾಮು ಅದೊಂದೇ.

ಹೊಗೆ ನೋಡಿ ಪಕ್ಕದ ಅಪಾರ್ಟ್‌ಮೆಂಟಿನವರು ಫೋನ್ ಮಾಡಿದರು. ಫೈರ್ ಎಂಜಿನ್ ಬಂತು. ಆಮೇಲೆ ನೀವು ಬಂದಿರಿ. ಅಷ್ಟರಲ್ಲಿ ಹನ್ನೊಂದು ಡಬ್ಬದಲ್ಲಿ ಒಂದು ಹಿಡಿಯಷ್ಟು ಕಾರ್ಡು ಉಳಿದಿತ್ತು. ಅದೂ ಅರ್ಧಂಬರ್ಧ. ನಾನು ಕೂತಲ್ಲೇ ಆರಿಸಿ ಮೇಡಂ ಕೈಗೆ ಕೊಟ್ಟೆ.

"ಸುಡ್ತಾನೆ ಅಂತ ಗೊತ್ತಿತ್ತಾ ಮೇಡಂ?"

"ಗೊತ್ತಿತ್ತು ಬೇಟಾ. ಕಾರ್ಡು ನಂದು. ಹೋದ್ರೆ ನಂದು ಹೋಗುತ್ತೆ. ಹಾಡು ಅವಳದ್ದು."

ಒಂದು ಕಾರ್ಡನ್ನು ಬೆಳಕಿಗೆ ಹಿಡಿದರು. ಎಂಬತ್ಮೂರನೇ ಇಸವಿಯ ಕಾರ್ಡು. ಬಲಭಾಗ ಸುಟ್ಟುಹೋಗಿತ್ತು. ತೆರೆಯುವ ಬ್ರಾಕೆಟ್ ಇತ್ತು, ಒಂದೂವರೆ ಪದ ಇತ್ತು. ಅಲ್ಲಿಂದ ಮುಂದೆ ಬರೀ ಕರಿ ಅಂಚು.

"ಈಗ ನಂದೂ ಚೂರಾಯ್ತು," ಅಂದರು. ತೇಜಶ್ರೀಯನ್ನು ಆಂಬುಲೆನ್ಸಿಗೆ ಹತ್ತಿಸುತ್ತಿದ್ದರು. ಮೇಡಂ ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತರು. ಕಾರ್ಡನ್ನು ಅವಳ ಕಣ್ಣೆದುರು ಹಿಡಿದುಕೊಂಡೇ ಇದ್ದರು.

ನಡೆದದ್ದು ಇಷ್ಟು ಸಾರ್.

ಪ್ರೇಮ್‌ಕುಮಾರ್ ಬೇರೆಯೇ ಕತೆ ಬರೆದುಕೊಟ್ಟಿದ್ದಾನಂತೆ. ನಾನು ಅತಿಕ್ರಮವಾಗಿ ನುಗ್ಗಿದೆನಂತೆ, ಅವನ ಕಟ್ಟಡಕ್ಕೆ ಬೆಂಕಿ ಇಟ್ಟೆನಂತೆ. ಬರೆಯಲಿ. ಅವನಿಂದ ನಾನು ಇನ್ನೇನನ್ನೂ ನಿರೀಕ್ಷಿಸಿರಲಿಲ್ಲ.

ಆದರೆ ನೀವು ಇಷ್ಟು ಹೊತ್ತು ಬರೆದುಕೊಂಡದ್ದನ್ನು ಈಗ ಓದಿದೆ. ನಾಲ್ಕನೇ ಹಾಳೆಯ ಕೆಳಗೆ, ಸಹಿಯ ಜಾಗಕ್ಕಿಂತ ಸ್ವಲ್ಪ ಮೇಲೆ, ಒಂದು ಸಾಲಿದೆ. 'ಕೋಪದ ಭರದಲ್ಲಿ ಬೆಂಕಿ ಹಚ್ಚಿದವನು ನಾನೇ.' ಉಳಿದ ಸಾಲುಗಳು ಅಗಲವಾಗಿವೆ. ಇದೊಂದೇ ಸಣ್ಣಗೆ ಒತ್ತಿಕೊಂಡು ಕೂತಿದೆ. ಜಾಗ ಸಾಲಲಿಲ್ಲ ಅಲ್ಲವೇ?

ಸಹಿ ಹಾಕುತ್ತೇನೆ ಸಾರ್, ಹಾಕುವುದಿಲ್ಲ ಎಂದವರು ಯಾರು?

ಪೆನ್ನು ಕೊಡಿ... ಮೊದಲು ಆ ಸಾಲಿಗೊಂದು ಬ್ರಾಕೆಟ್ ಹಾಕುತ್ತೇನೆ!